ಕಾಳನ ಕೊರಳಲ್ಲಿ ಗುತ್ಯಪ್ಪನ ಆಫೀಸು

"ನಾಳೆಯಿಂದ ನಾನು ಕುರಿ ಹಿಂದೆ ಹೋಗಲ್ಲ. ಮನೇಲಿ ಕೂತೇ ಮೇಯಿಸ್ತೀನಿ!"

ಹೊಸಬಾಳೆಯ ಗುತ್ಯಪ್ಪ ಹೀಗೆ ಘೋಷಿಸಿದಾಗ ಹೆಂಡತಿ ಗುತ್ಯಮ್ಮನ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಮಡಚಿಕೊಂಡು ಬಿತ್ತು.

ಇದಕ್ಕೆಲ್ಲ ಕಾರಣ ಸೊಸೆ ಸುಮಾ. ಶಿಕಾರಿಪುರದ ಹುಡುಗಿ. ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾವುದೋ ಕಂಪನಿಯ ಹನ್ನೊಂದು ಮಂದಿಯನ್ನು ಆಳುತ್ತಿದ್ದಳು. ಒಬ್ಬ ಬೀದರಿನಲ್ಲಿ, ಒಬ್ಬಳು ಮಡಿಕೇರಿಯಲ್ಲಿ. ಇವಳು ಕುರ್ಚಿ ಬಿಟ್ಟು ಏಳುವುದಿಲ್ಲ, ಅವರು ಕೆಲಸ ಬಿಟ್ಟು ಏಳುವುದಿಲ್ಲ! ಇವಳಿಂದ ಆಗುವುದು ಮೂವತ್ತು ವರ್ಷ ಮಂದೆ ನಡೆಸಿದ ತನ್ನಿಂದ ಆಗದೇ?

"ಒಮ್ಮೆ ಕೆಲಸ ಹೇಳಿದ್ಮೇಲೆ ಸುಮ್ನಿರ್ಬೇಕು ಮಾವ," ಎಂದಳು ಸುಮಾ. "ಪದೇ ಪದೇ ಕೂಗಿದ್ರೆ ತಂಡ ಗಾಬರಿ ಬೀಳ್ತೈತಿ."

"ಅದು ನಿನ್ನ ತಂಡ. ನನ್ನ ತಂಡಕ್ಕೆ ನನ್ನ ದನಿ ಕೇಳದಿದ್ರೆ ಹುಲ್ಲು ಗಂಟಲಲ್ಲಿ ಇಳಿಯಲ್ಲ!"

ಗುತ್ಯಮ್ಮನಿಗೆ ಬೇರೆಯದೇ ಚಿಂತೆ. "ಜಟ್ಟಪ್ಪ ಹೇಳಿದ್ದು ಮರ್ತೋಯ್ತಾ? ಇನ್ನೊಂದ್ಸಲ ತನ್ನ ಮೆಕ್ಕೆಜೋಳಕ್ಕೆ ಕುರಿ ನುಗ್ಗಿದ್ರೆ ಕಾಳನ್ನ ಕಟ್ಟಿಹಾಕ್ತೀನಿ ಅಂದಿದಾನೆ!"

ಕಾಳ ಎಂದರೆ ಮಂದೆಯ ಮುಂದಾಳು ಟಗರು. ಅದು ಹೆಜ್ಜೆ ಇಡದೆ ಉಳಿದ ಅರವತ್ತು ಕುರಿ ಅಲುಗುವುದಿಲ್ಲ. ಕಾಳ ಹೋದರೆ ಮಂದೆಯೇ ಹೋದಂತೆ.

"ಕಣ್ಣಿಟ್ಟು ನೋಡ್ತಿರ್ತೀನಲ್ಲೇ!" ಎಂದ ಗುತ್ಯಪ್ಪ.

ಮರುದಿನ ಒಂಬತ್ತಕ್ಕೆ ಸರಿಯಾಗಿ ಆಫೀಸು ಶುರು! ತನ್ನ ಫೋನನ್ನು ಕಾಳನ ಕೊರಳಿಗೆ ಕಟ್ಟಿ, ವಿಡಿಯೋ ಕಾಲ್ ಹಚ್ಚಿ, ಮಂದೆಯನ್ನು ಕೆರೆಯಂಗಳಕ್ಕೆ ಬಿಟ್ಟ. ಹೆಂಡತಿಯ ಫೋನು ಹಿಡಿದು ಜಗಲಿಯ ಮೇಲೆ ವಿರಾಜಮಾನನಾದ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪಟ್ಟಾಪಟ್ಟಿ ಚಡ್ಡಿ.

ಹತ್ತು ನಿಮಿಷ ಎಲ್ಲ ಸುಸೂತ್ರ. ಕುರಿಗಳು ಮೇಯುತ್ತಿದ್ದವು. ಆದರೆ ಅಧಿಕಾರಿ ಎಂದ ಮೇಲೆ ಸುಮ್ಮನಿರಲಾದೀತೇ?

"ಕಾಳ, ಬಾ ಇತ್ತ!"

ಕಾಳ ತಲೆಯೆತ್ತಿತು. ಯಜಮಾನನ ದನಿ! ಎಡಕ್ಕೆ ನೋಡಿತು, ಇಲ್ಲ. ಬಲಕ್ಕೆ ನೋಡಿತು, ಇಲ್ಲ. ತನ್ನ ಕೊರಳಲ್ಲೇ ಕೂತ ದನಿಯನ್ನು ಹುಡುಕುತ್ತ ಗಿರಗಿರನೆ ಸುತ್ತತೊಡಗಿತು. ಅದರ ಹಿಂದೆ ಅರವತ್ತು ಕುರಿಗಳೂ ಸುತ್ತಿದವು! ಜಗಲಿಯಲ್ಲಿದ್ದವನಿಗೆ ಕಂಡದ್ದು ಹುಲ್ಲು, ಆಕಾಶ, ಮತ್ತೆ ಹುಲ್ಲು.

"ನಿಲ್ಲೋ! ಇತ್ತ ಬಾರೋ!"

ಯಜಮಾನ ಪಕ್ಕದ ಮೆಕ್ಕೆಜೋಳದೊಳಗೆ ಅಡಗಿರಬೇಕೆಂದು ಕಾಳ ತೀರ್ಮಾನಿಸಿತು. ಪರದೆಯ ತುಂಬ ಹಸಿರು ಎಲೆಗಳು ಪಟಪಟನೆ ಬಡಿದವು.

"ಅಯ್ಯಯ್ಯೋ, ಜಟ್ಟಪ್ಪನ ಹೊಲ!"

ಗುತ್ಯಪ್ಪ ಫೋನನ್ನು ಜೇಬಿಗೆ ತುರುಕಿ, ಚಡ್ಡಿಯಲ್ಲೇ ಓಡಿದ. ಕಾಲ್ ಕತ್ತರಿಸಬೇಕೆಂದು ಯಾರಿಗೆ ನೆನಪು? ಹೊಲಕ್ಕಿಳಿದು ಕಾಳನ ಹತ್ತಿರ ಬಂದು "ಬಾರೋ" ಎಂದದ್ದೇ ತಡ, ಒಂದರ ದನಿ ಇನ್ನೊಂದಕ್ಕೆ ಬಡಿದು ಎರಡು ಫೋನುಗಳೂ ಒಟ್ಟಿಗೆ "ಕೂಂಯ್‌ಯ್‌ಯ್" ಎಂದು ಕಿರುಚಿದವು! ಕಾಳ ಜೋಳವನ್ನು ಸೀಳಿಕೊಂಡು ಓಡಿತು. ಗುತ್ಯಪ್ಪ ಹಿಂದೆ ಬಿದ್ದಷ್ಟೂ ಕೂಂಯ್! ಕೂಂಯ್ ಅಂದಷ್ಟೂ ಓಟ!

ಆಗ ಬದುವಿನ ಮೇಲೆ ಹಗ್ಗ ಹಿಡಿದು ಪ್ರತ್ಯಕ್ಷನಾದ ಜಟ್ಟಪ್ಪ. ನೇರವಾಗಿ ಬಂದು ಗುತ್ಯಪ್ಪನ ಜೇಬಿನಿಂದ ಫೋನು ಎಳೆದು ಕಾಲ್ ಕತ್ತರಿಸಿ, ಅವನ ಕೈಗೇ ಕೊಟ್ಟ. ಕಾಳ ನಿಂತಿತು. ಮೆಲ್ಲನೆ ಬಂದು ಯಜಮಾನನ ಮೊಣಕಾಲಿಗೆ ತಲೆ ಉಜ್ಜಿತು.

"ಜಟ್ಟಣ್ಣ, ಕೈ ಮುಗೀತೀನಿ. ಕಾಳನ್ನ ಕಟ್ಟಬೇಡ."

"ಅದನ್ಯಾಕೆ ಕಟ್ಲಿ ಮಾರಾಯ? ಅದು ಹೇಳಿದ್ದು ಕೇಳ್ತು, ಅಷ್ಟೇ. ಕಟ್ಟಬೇಕಾದ್ದು ಹೇಳಿದವನನ್ನ! ಬಿದ್ದ ಗಿಡ ಎಲ್ಲಾ ಎಬ್ಬಿಸಿ, ಬುಡಕ್ಕೆ ಮಣ್ಣು ಕೊಟ್ಟು ಹೋಗು. ಅಲ್ಲೀತನಕ ಕದಲಬೇಡ."

ಯಾರೂ ಏನೂ ಹೇಳದಿದ್ದರೂ ಕಾಳ ಮಂದೆಯನ್ನು ಕರೆದುಕೊಂಡು ಸರಿಯಾದ ದಾರಿಯಲ್ಲಿ ಮನೆಗೆ ಹೋಯಿತು.

ಮಧ್ಯಾಹ್ನ ಎರಡಾಯಿತು. ಸೊಂಟ ಬಿದ್ದುಹೋಗಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಫೋನು ಬಡಿದುಕೊಂಡಿತು. ಟಗರಿನ ಕೊರಳಿನಿಂದ ಬಿಚ್ಚಿದ ಫೋನಿನಿಂದ ಮನೆಯ ವಿಡಿಯೋ ಕಾಲ್; ಪರದೆಯ ಮೇಲೆ ಗುತ್ಯಮ್ಮನ ನಗುಮುಖ!

"ಊಟ ತರ್ತೀಯೇನೇ?" ಗುತ್ಯಪ್ಪನ ದನಿ ಕುರಿಯ ದನಿಯಾಗಿತ್ತು.

"ಅಷ್ಟು ದೂರ ಯಾಕ್ರೀ ತರೋದು? ಇಗಾ, ಬೆಣ್ಣೆ ಹಾಕಿದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಕಾಣ್ತಾ? ಇನ್ನೂ ಹತ್ರ ಹಿಡೀಲಾ? ಹಾಂ, ಅಲ್ಲಿಂದ್ಲೇ ಉಣ್ಣಿ!"