ದೊಡ್ಡಪ್ಪ, ಚಿಕ್ಕಪ್ಪ ಮತ್ತು ನಾಲ್ಕನೆಯ ತಿರುವು

ಸಂಖ್ಯೆ: ಗು.ಹ./ಎಟಿವಿ/ಅರಗು/117
ಸ್ಥಳ: ಗುಡ್ಡದ ತುದಿಯ ಹವಾಮಾನ ಠಾಣೆ (ಕಾರಣಕ್ಕೆ ಕಂಡಿಕೆ 7 ನೋಡುವುದು)
ದಿನಾಂಕ: 24, ಬೆಳಗಿನ ಮಳೆ ಅಳತೆಯ ನಂತರ

ಸುತ್ತೋಲೆ

ವಿಷಯ: ಕಡಿದಾದ ಗುಡ್ಡ ಹತ್ತಲು ಎಟಿವಿ (ಎಲ್ಲ ಬಗೆಯ ನೆಲದಲ್ಲೂ ಓಡುವ) ವಾಹನದ ಎಂಜಿನ್ ಶಕ್ತಿ ಮುಖ್ಯವೋ, ನಾಲ್ಕು ಗಾಲಿ ಚಾಲನೆ ಮುಖ್ಯವೋ ಎಂಬ ತುಲನೆ ಹಾಗೂ ತದನಂತರ ಉದ್ಭವಿಸಿದ ಸನ್ನಿವೇಶದ ಬಗ್ಗೆ.

ಉಲ್ಲೇಖ: 1) ಇದೇ ಕಚೇರಿಯ ಸುತ್ತೋಲೆ 109 (ಗುಡ್ಡವನ್ನು ನಡೆದು ಹತ್ತಿಳಿಯುವುದರ ನಿಷೇಧ).
2) ಠಾಣೆಯ ವೀಕ್ಷಕಿಯ ರಜೆ ಅರ್ಜಿಗಳು, ಒಟ್ಟು ಆರು.
3) ಚಾಲಕನ ಅಭಿಪ್ರಾಯ (ಯಾರೂ ಕೇಳಿರಲಿಲ್ಲ).

ಮೇಲ್ಕಂಡ ವಿಷಯದ ಬಗ್ಗೆ ಕಚೇರಿಯ ಪಡಸಾಲೆಯಲ್ಲಿ ಬಾಯಿಗೆ ಬಂದಂತೆ ಮಾತಾಡಲಾಗುತ್ತಿರುವುದು ಕೆಳಸಹಿದಾರರ ಗಮನಕ್ಕೆ ಬಂದಿರುತ್ತದೆ. ನಡೆದದ್ದನ್ನು ನಡೆದಂತೆಯೇ ತಿಳಿಸಿ, ಮುಂದೆ ನಡೆಯಬೇಕಾದ್ದನ್ನು ಈ ಮೂಲಕ ಸೂಚಿಸಲಾಗಿದೆ.

1. ಠಾಣೆಗೆ ಸಾಮಾನು ಸಾಗಿಸಲು ಎರಡು ಎಟಿವಿಗಳನ್ನು ಪರೀಕ್ಷೆಗಾಗಿ ತರಿಸಲಾಗಿತ್ತು. ಮೊದಲನೆಯದಕ್ಕೆ ಎಂಬತ್ತು ಅಶ್ವಶಕ್ತಿ. ಅಷ್ಟೂ ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಎರಡನೆಯದಕ್ಕೆ ನಲವತ್ತೇ ಅಶ್ವಶಕ್ತಿ. ಆದರೆ ಒಂದು ಗುಂಡಿ ಒತ್ತಿದರೆ ನಾಲ್ಕೂ ಗಾಲಿಗಳು ಎಳೆಯುತ್ತವೆ. ಸಿಬ್ಬಂದಿಯು ಇವುಗಳನ್ನು ಕ್ರಮವಾಗಿ ‘ದೊಡ್ಡಪ್ಪ’, ‘ಚಿಕ್ಕಪ್ಪ’ ಎಂದು ಕರೆಯುತ್ತಿದ್ದು, ಇದು ಶಿಸ್ತಿಗೆ ವಿರುದ್ಧವಾಗಿರುತ್ತದೆ. ಆದರೆ ಬಲು ಅನುಕೂಲವಾಗಿರುವುದರಿಂದ ಇನ್ನು ಮುಂದೆ ಎಲ್ಲ ಕಡತಗಳಲ್ಲೂ ಅದನ್ನೇ ಬಳಸತಕ್ಕದ್ದು.

2. ದೊಡ್ಡಪ್ಪನು ಮೂರು ತಿರುವುಗಳನ್ನು ಭಾರೀ ಸದ್ದಿನೊಂದಿಗೆ ಹತ್ತಿ, ನಾಲ್ಕನೆಯ ತಿರುವಿನ ಸಡಿಲ ಮಣ್ಣಿನಲ್ಲಿ ನಿಂತಲ್ಲೇ ಗಾಲಿ ತಿರುಗಿಸಿರುತ್ತಾನೆ. ಮುಂದಿನ ಗಾಲಿಗಳು ಆಕಾಶ ನೋಡಿರುತ್ತವೆ. ಹಿಂದಿನ ಗಾಲಿಗಳು ಮೊಣಕಾಲುದ್ದ ಗುಂಡಿ ತೋಡಿ, ಹೊರಬಿದ್ದ ಮಣ್ಣನ್ನು ಪರೀಕ್ಷಾ ಸಮಿತಿಯ ಮೂವರು ಸದಸ್ಯರಿಗೆ ಸಮನಾಗಿ ಹಂಚಿರುತ್ತವೆ. ಸದರಿ ಗುಂಡಿಯು ದಾಖಲೆಯಾದ್ದರಿಂದ ಯಾರೂ ಮುಚ್ಚತಕ್ಕದ್ದಲ್ಲ.

3. ಚಿಕ್ಕಪ್ಪನ ನಾಲ್ಕು ಗಾಲಿ ಚಾಲನೆಯ ಒತ್ತುಗುಂಡಿಯು ಅನಗತ್ಯ ಬಳಕೆಯಿಂದ ಸವೆಯದಿರಲೆಂದು ಅದನ್ನು ಅರಗಿನಿಂದ ಮುದ್ರೆ ಮಾಡಲಾಗಿತ್ತು. ಮುದ್ರೆ ಒಡೆಯಲು ವಾಹನ ಯಾವ ಠಾಣೆಗೆ ಸೇರಿದೆಯೋ ಆ ಠಾಣೆಯ ಪ್ರಭಾರಿಯ ಲಿಖಿತ ಅನುಮತಿ ಬೇಕು. ಠಾಣೆಯು ಗುಡ್ಡದ ತುದಿಯಲ್ಲಿರುತ್ತದೆ. ಹೀಗಾಗಿ ಚಿಕ್ಕಪ್ಪನೂ ಎರಡೇ ಗಾಲಿಗಳಲ್ಲಿ ಹೊರಟು, ನಾಲ್ಕನೆಯ ತಿರುವಿನಲ್ಲಿ ದೊಡ್ಡಪ್ಪನ ಗುಂಡಿಗೇ ಬಿದ್ದಿರುತ್ತಾನೆ. ಆಗ ಚಾಲಕನು ಈ ಕೆಳಗಿನಂತೆ ನುಡಿದಿರುತ್ತಾನೆ:

“ಶಕ್ತಿ ಎಷ್ಟಿದ್ರೇನು ಸರ್, ನೆಲದ ಮೇಲೆ ಹಿಡಿತ ಇರ್ಬೇಕಲ್ಲ. ಆ ಅರಗು ಕಿತ್ತುಕೊಡಿ, ಈ ಸಣ್ಣದೇ ಸಲೀಸಾಗಿ ಹತ್ತುತ್ತೆ.”

ಚಾಲಕನು ಸಮಿತಿಯ ಸದಸ್ಯನಲ್ಲದ ಕಾರಣ ಸದರಿ ಅಭಿಪ್ರಾಯವನ್ನು ತಿರಸ್ಕರಿಸಲಾಗಿತ್ತು. ಅವನು ಹೇಳಿದ್ದು ಸರಿ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಕೆಳಸಹಿದಾರರೂ ಸೇರಿ.

4. ಅನುಮತಿ ಪತ್ರವನ್ನು ಜವಾನನು ನಡೆದು ಮೇಲೊಯ್ದು ಸಹಿ ಮಾಡಿಸಿ ತರುವಂತೆ ಆದೇಶಿಸಲಾಯಿತು. ನಡೆಯುವುದು ನಿಷಿದ್ಧವಾದ್ದರಿಂದ ಅವನನ್ನು ವಾಹನದ ಬಿಡಿಭಾಗವೆಂದು ಪರಿಗಣಿಸಲಾಯಿತು. ಅವನು ಎರಡು ಗಂಟೆ ಹತ್ತು ನಿಮಿಷದಲ್ಲಿ ಹತ್ತಿ, ಒಂದೂಕಾಲು ಗಂಟೆಯಲ್ಲಿ ಇಳಿಯುತ್ತಾನೆ. ಆದರೆ ಅವನು ಕೆಳಗೆ ಮುಟ್ಟುವಷ್ಟರಲ್ಲಿ ಪರೀಕ್ಷೆಯ ವೇಳೆ ಮುಗಿದಿರುತ್ತಿತ್ತು. ಅನುಮತಿಯು ಸಹಿಯಾದ ದಿನಕ್ಕೆ ಮಾತ್ರ ಸಿಂಧು. ಹೀಗೆ ಹನ್ನೊಂದು ಬಾರಿ. ಯಾವ ವಾಹನ ಉತ್ತಮ ಎಂದು ಇವನನ್ನು ಕೇಳಲಾಗಿ, ನಕ್ಕಿರುತ್ತಾನೆ. ನಗುವಿಗೆ ವಿವರಣೆ ಕೋರಲಾಗಿದೆ.

5. ಈ ನಡುವೆ ಠಾಣೆಯ ಪ್ರಭಾರಿಯಾದ ವೀಕ್ಷಕಿಗೆ ಕೆಳಗಿನ ಪಟ್ಟಣದಲ್ಲಿ ಮೊಮ್ಮಗಳು ಹುಟ್ಟಿದ್ದು, ಮಗಳು ಇದೇ 22ರಂದು ಮಗುವನ್ನು ಎತ್ತಿಕೊಂಡು ರೈಲಿನಲ್ಲಿ ಗಂಡನ ಊರಿಗೆ ಹೊರಡುವವಳಿದ್ದಳು. ಅಷ್ಟರೊಳಗೆ ಒಮ್ಮೆ ಮಗುವಿನ ಮುಖ ನೋಡಿಬರಲು ವೀಕ್ಷಕಿಯು ಆರು ಅರ್ಜಿ ಕಳಿಸಿರುತ್ತಾರೆ. ಏಳು ದಿನಗಳ ಬದಲಿ ವೀಕ್ಷಕನನ್ನು ಮಂಜೂರು ಮಾಡಲಾಯಿತು. ಆತ ವಾಹನದಲ್ಲೇ ಮೇಲೆ ಹೋಗತಕ್ಕದ್ದಾದ್ದರಿಂದ ಏಳೂ ದಿನ ಬುಡದ ಶೆಡ್ಡಿನ ಬೆಂಚಿನ ಮೇಲೆ ಕುಳಿತು, ಎಂಟನೆಯ ದಿನ ತನ್ನ ಊರಿಗೆ ಮರಳಿರುತ್ತಾನೆ. ರಜೆಯನ್ನು ‘ಬಳಸಲಾಗಿದೆ’ ಎಂದು ನಮೂದಿಸಲಾಯಿತು. ನಮೂದಿಸಿದವರು ಕೆಳಸಹಿದಾರರೇ. ಆರನೆಯ ಅರ್ಜಿಯಲ್ಲಿ ಒಂದೇ ಸಾಲಿತ್ತು. ಅದನ್ನು ಓದಿದ ದಿನ ಕೆಳಸಹಿದಾರರಿಗೆ ಊಟ ಸೇರಲಿಲ್ಲ. ಇದು ಕಡತಕ್ಕೆ ಸಂಬಂಧಿಸಿದ್ದಲ್ಲ.

6. ದಿನಾಂಕ 21ರಂದು ಕೆಳಸಹಿದಾರರು ಖುದ್ದಾಗಿ ಚಿಕ್ಕಪ್ಪನ ಹಿಂಬದಿಯಲ್ಲಿ ಪ್ರಮಾಣಿತ ಭಾರವಾಗಿ ಕುಳಿತರು. ನಾಲ್ಕನೆಯ ತಿರುವು ಬಂತು, ಗುಂಡಿಯೂ ಬಂತು. ಅಲ್ಲಿಂದ ಮುಂದೆ ಅವರೂ ಬಿಡಿಭಾಗವಾಗಿ ಪರಿಗಣಿತರಾಗಿ ಜವಾನನ ಜೊತೆ ಮೇಲೆ ಹೊರಟರು. ಹತ್ತೊಂಬತ್ತು ಕಡೆ ಉಸ್ಸಪ್ಪಾ ಎಂದು ಕುಳಿತರು. ಕಡೆಯ ಅರ್ಧ ಮೈಲಿ ಜವಾನನು ಅವರನ್ನು ಹಿಂದಿನಿಂದ ತಳ್ಳಿದ್ದು, ತಾಂತ್ರಿಕವಾಗಿ ಇದು ಹಿಂದಿನ ಎರಡು ಗಾಲಿಗಳ ಚಾಲನೆ ಎನಿಸುತ್ತದೆ.

7. ವೀಕ್ಷಕಿಯು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲೇ ನಿಂತಿದ್ದರು. ಎಷ್ಟು ದಿನದಿಂದ ಹಾಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರೋ ತಿಳಿಯದು. ಅವರು ನಿಯಮಾವಳಿಯ ಪುಟ ತೆರೆದು ತೋರಿಸಿದರು: ಠಾಣೆಯಲ್ಲಿ ಹಾಜರಿರುವ ಯಾವುದೇ ಅಧಿಕಾರಿಗೆ ಪ್ರಭಾರ ವಹಿಸಬಹುದು.

“ಸರ್, ಮಳೆ ಅಳತೆ ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ. ಅಕ್ಕಿ ಡಬ್ಬದಲ್ಲಿದೆ. ಅನುಮತಿ ಪತ್ರ ಮೇಜಿನ ಮೇಲಿದೆ, ಇನ್ಮೇಲೆ ಸಹಿ ನಿಮ್ದೇ. ನಾನು ಮಗು ನೋಡ್ಕೊಂಡು ಬರ್ತೀನಿ.”

ಕೆಳಸಹಿದಾರರಿಗೆ ಸಿಟ್ಟು ಬಂದಿತು ಎಂದು ದಾಖಲಿಸಲಾಗಿದೆ. ಎಲ್ಲಿ ಸಹಿ ಮಾಡಬೇಕೆಂದು ಕೇಳಿದರು ಎಂದೂ ದಾಖಲಿಸಲಾಗಿದೆ. ವೀಕ್ಷಕಿಯು ಬಿಡಿಭಾಗವೆಂದು ಪರಿಗಣಿತರಾಗಿ ಜವಾನನ ಜೊತೆ ಇಳಿದರು. ಕೆಳಸಹಿದಾರರು ಈಗ ಠಾಣೆಯ ಪ್ರಭಾರಿ. ಪ್ರಭಾರಿಯು ಬಿಡಿಭಾಗವಾಗಲಾರದ್ದರಿಂದ, ಸುತ್ತೋಲೆ 109ರ ಪ್ರಕಾರ ಅವರು ನಡೆದು ಇಳಿಯುವಂತಿಲ್ಲ. ಸದರಿ ಸುತ್ತೋಲೆಯನ್ನು ಬರೆದವರನ್ನು ಅವರು ಚೆನ್ನಾಗಿ ಬಲ್ಲರು.

8. ಇಂದು ದಿನಸಿ ತಂದ ಜವಾನನು ವೀಕ್ಷಕಿಯ ಬಗ್ಗೆ ನೀಡಿದ ವರದಿ ಇಂತಿದೆ: “ಮಗು ಅವರ ಬೆರಳು ಹಿಡಿದಿದ್ದು ಬಿಡ್ಲೇ ಇಲ್ಲ ಸರ್. ಬಿಡಿಸಿಕೊಳ್ಳೋಕೆ ಮನಸ್ಸಾಗ್ದೆ ಅವರೂ ಹಾಗೇ ರೈಲು ಹತ್ತಿಬಿಟ್ರು. ಒಂದು ತಿಂಗಳಾದ್ರೂ ಇದ್ದು ಬರ್ತಾರಂತೆ.”

9. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಶಕ್ತಿಗಿಂತ ಹಿಡಿತ ಮುಖ್ಯ ಎಂಬ ಚಾಲಕನ ಅಭಿಪ್ರಾಯವನ್ನು ಅಂಗೀಕರಿಸಲಾಗಿದೆ. ಎಂಬತ್ತು ಅಶ್ವಶಕ್ತಿಯಿಂದ ಆಗದ್ದನ್ನು ಮೂರು ಕಿಲೋ ತೂಕದ ಮಗು ಸಾಧಿಸಿರುತ್ತದೆ.

(ಆ) ಪರೀಕ್ಷೆಯ ವೇಳೆಯನ್ನು ಸಂಜೆಯವರೆಗೆ ವಿಸ್ತರಿಸಲಾಗಿರುವುದರಿಂದ, ಅನುಮತಿಗೆ ಸಹಿ ಬಿದ್ದ ದಿನವೇ ಚಿಕ್ಕಪ್ಪ ಮೇಲೆ ಬರುತ್ತಾನೆ, ಪರೀಕ್ಷೆ ಮುಗಿಯುತ್ತದೆ, ಕೆಳಸಹಿದಾರರು ಇಳಿಯುತ್ತಾರೆ, ವೀಕ್ಷಕಿಯನ್ನು ತಂತಿ ಕಳಿಸಿ ಕರೆಸಬೇಕಾಗುತ್ತದೆ. ಆದರೆ ಇಲ್ಲಿನ ಚಳಿಗೆ ಪ್ರಭಾರಿಯ ಲೇಖನಿಯ ಶಾಯಿ ಗಟ್ಟಿಯಾಗಿದ್ದು, ಸಹಿ ಸಾಧ್ಯವಾಗುತ್ತಿಲ್ಲ. ಮುಂದಿನ ತಿಂಗಳ 22ರವರೆಗೆ ಇದೇ ಚಳಿ ಇರುವುದೆಂದು ಠಾಣೆಯ ಅಧಿಕೃತ ಮುನ್ಸೂಚನೆ ಹೊರಡಿಸಲಾಗಿದೆ.

(ಇ) ಅಲ್ಲಿಯವರೆಗೆ ಅರಗಿನ ಮುದ್ರೆಯನ್ನು ಒಡೆಯತಕ್ಕದ್ದಲ್ಲ. ಚಾಲಕನು ಉಗುರಿನಿಂದ ಕೆರೆಯುವುದನ್ನೂ ನಿಲ್ಲಿಸತಕ್ಕದ್ದು.

(ಈ) ವೀಕ್ಷಕಿಯು ಈ ಅವಧಿಯಲ್ಲಿ ಕರ್ತವ್ಯದ ಮೇಲಿದ್ದಾರೆಂದೇ ಭಾವಿಸತಕ್ಕದ್ದು.

(ಉ) ಜವಾನನು ಮುಂದಿನ ಸಲ ಬರುವಾಗ ಒಂದು ಉಣ್ಣೆ ಟೋಪಿ ಮತ್ತು ಉಪ್ಪು ತರತಕ್ಕದ್ದು. ಉಪ್ಪು ಎಲ್ಲಿದೆ ಎಂದು ವೀಕ್ಷಕಿ ಹೇಳಿರಲಿಲ್ಲ.

(ಸಹಿ, ಶಾಯಿಯಲ್ಲಿ)
ಅಧೀಕ್ಷಕರು ಹಾಗೂ ಠಾಣೆಯ ಪ್ರಭಾರಿ

ಪ್ರತಿಗಳು:
1. ಚಾಲಕ — ಅಭಿಪ್ರಾಯ ಅಂಗೀಕಾರವಾದ ಬಗ್ಗೆ ಹಿಗ್ಗತಕ್ಕದ್ದಲ್ಲ ಎಂಬ ಸೂಚನೆಯೊಂದಿಗೆ.
2. ಜವಾನ — ಈ ಎಲ್ಲ ಪ್ರತಿಗಳನ್ನೂ ಹೊತ್ತು ಇಳಿಯಲು.
3. ಕೆಳಸಹಿದಾರರ ಮಡದಿ — ಊಟಕ್ಕೆ ಕಾಯಬಾರದೆಂದು ಕೋರಿದೆ.
4. ದೊಡ್ಡಪ್ಪನ ಗುಂಡಿ — ಅದರ ಅಂಚಿನಲ್ಲಿ ಅಂಟಿಸಲು.
5. ವೀಕ್ಷಕಿ — ತುರ್ತಲ್ಲ.
6. ವೀಕ್ಷಕಿಯ ಮೊಮ್ಮಗಳು — ಮುಂದಿನ ತಿಂಗಳ 22ರವರೆಗೆ ಬೆರಳು ಬಿಡತಕ್ಕದ್ದಲ್ಲ ಎಂಬ ಸೂಚನೆಯೊಂದಿಗೆ, ಅಗತ್ಯ ಕ್ರಮಕ್ಕಾಗಿ.