ಎಟುಕದ ತೊಗಟೆ

ಗಾಜಿನ ತಟ್ಟೆಯಲ್ಲಿ ಗುಂಡನೆಯದೊಂದು ಬಯಲು ಕಂಡದ್ದೇ ಎಲ್ಲ ಫಜೀತಿಗೂ ಮೂಲ.

ತಟ್ಟೆಯ ತುಂಬ ರೋಗಾಣುಗಳು ಹಾಲಿನ ಕೆನೆಯಂತೆ ಹರಡಿಕೊಂಡಿದ್ದವು. ತೊಗಟೆಯ ಸಾರದಲ್ಲಿ ಅದ್ದಿಟ್ಟ ಕಾಗದದ ಬಿಲ್ಲೆಯ ಸುತ್ತ ಮಾತ್ರ ಒಂದೇ ಒಂದು ಇಲ್ಲ! ಪ್ರಯೋಗಾಲಯದ ಸಹಾಯಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಆಗಲೂ ಇಲ್ಲ. ಕಂಡಕಂಡ ಮರಗಳನ್ನೆಲ್ಲ ಕೆರೆದು, ಒಣಗಿಸಿ, ಕುಟ್ಟಿ, ನೆನೆಹಾಕಿ ಸೋತಿದ್ದವನ ಕೈಹಿಡಿದದ್ದು ಅವನ ಮನೆಯೆದುರಿನ ಮರವೇ. ಅಂಥದ್ದೇನಿದೆ ಅದರಲ್ಲಿ? ಕೊಂಬೆಯಲ್ಲೂ ಇದ್ದೀತೇ? ಬೇರಿನಲ್ಲಿ? ಅವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಅವನ ಮೇಲಿನ ಮೇಡಂಗೂ ಅಷ್ಟೇ. "ನಿರ್ದೇಶಕರಿಗೆ ಹೇಳ್ಬಿಟ್ಟೆ ಕಣ್ರೀ! ಮಧ್ಯಾಹ್ನ ಮರ ನೋಡೋಕೆ ಬರ್ತಾರೆ. ಅವರ ಕಣ್ಣೆದುರೇ ತೊಗಟೆ ತೆಗೆದು ತೋರಿಸಿ. ನಿಮ್ಮ ಕೆಲಸ ಖಾಯಂ ಆಯ್ತು ಅಂತಾನೇ ತಿಳ್ಕೊಳ್ಳಿ."

ವರ್ಷಗಟ್ಟಲೆ ಹಂಗಾಮಿಯಾಗಿ ಕೊಳೆತವನು ಸುಮ್ಮನಿದ್ದಾನೆಯೇ? ಹೆಂಡತಿಗೆ ಫೋನ್ ಮಾಡಿ ಉಸುರಿದ. ಹೆಂಡತಿ ಪಕ್ಕದ ಮನೆಯ ದರ್ಜಿಗೆ ಹೇಳಿದಳು. ದರ್ಜಿಗೆ ಹೇಳಿದ ಮೇಲೆ ಇನ್ನು ಊರಿಗೆ ಹೇಳುವ ಶ್ರಮವೇ ಬೇಕಿರಲಿಲ್ಲ.

ಮಧ್ಯಾಹ್ನ ಅವನು ಓಡೋಡಿ ಬಂದಾಗ ಮರ ಪಂಚೆ ಕಳೆದುಕೊಂಡವನಂತೆ ನಿಂತಿತ್ತು. ಬುಡದಿಂದ ಕೈ ಎಟುಕುವವರೆಗೆ ತೊಗಟೆಯೇ ಇಲ್ಲ!

"ನಾನು ಜಾಸ್ತಿ ತಗೊಂಡಿಲ್ಲಪ್ಪಾ," ಎಂದ ಕ್ಷೌರಿಕ, ತುಂಬಿದ ಚೀಲವನ್ನು ಬೆನ್ನ ಹಿಂದೆ ಸರಿಸುತ್ತ. "ಕತ್ತರಿ ಅದ್ದಿಡೋಕೆ ಒಂಚೂರು."

ನಿವೃತ್ತ ಹೆಡ್‌ಮಾಸ್ಟರು ಕಟ್ಟೆಯ ಮೇಲೆ ಕುಳಿತು ತೊಗಟೆ ಜಗಿಯುತ್ತಿದ್ದರು. "ಅಲ್ಲಯ್ಯಾ, ಮನೆ ಮುಂದೇನೇ ಇಂಥಾ ಔಷಧಿ ಇಟ್ಕೊಂಡು ಬಾಯಿ ಬಿಡ್ಲಿಲ್ವಲ್ಲ ನೀನು!"

"ಸಾರ್, ಉಗೀರಿ ಸಾರ್! ಅದಿನ್ನೂ ಪರೀಕ್ಷೆ ಆಗ್ಬೇಕು!"

"ನನ್ನ ವಸಡಿನ ಮೇಲೇ ಆಗ್ತಾ ಇದೆಯಲ್ಲ ಪರೀಕ್ಷೆ. ನಾಲಿಗೆ ಹೆಂಗೆ ಚುರುಗುಡ್ತಿದೆ ಗೊತ್ತಾ? ಗುಣ ಅಂದ್ರೆ ಗುಣ!"

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ನಿರ್ದೇಶಕರ ಕಾರು ಕಂಡಿತು. ಅವನು ದರ್ಜಿಯ ಸ್ಟೂಲು ಎಳೆದುಕೊಂಡು, ಅದರ ಮೇಲಿಂದ ಕೊಂಬೆಗೆ ಜೋತುಬಿದ್ದು, ಮಂಡಿ ತರಚಿಕೊಂಡು, ಅಂಗಿಯ ತೋಳು ಹರಿದುಕೊಂಡು ಅಂತೂ ಮೇಲೇರಿದ. ಕಾರಿಳಿದ ನಿರ್ದೇಶಕರು ಕತ್ತೆತ್ತಿ ನೋಡಿದರು. ಜೊತೆಗೆ ಬಂದಿದ್ದ ಮೇಡಂ ಹೆಮ್ಮೆಯಿಂದ, "ಇವರೇ ಸಾರ್, ಕೆಲಸ ಅಂದ್ರೆ ಪ್ರಾಣ," ಎಂದರು.

ಅವನು ಗರ್ವದಿಂದ ಚಾಕು ತೆಗೆದು ಕೊಂಬೆಗೆ ಇಟ್ಟ.

"ಅಳಿಯಂದ್ರೇ! ಬೇಡಾ!" ಮನೆಯೊಳಗಿಂದ ಅವನ ಅತ್ತೆ ಬಕೆಟ್ ಸಮೇತ ಓಡಿಬಂದರು. "ಅಲ್ಲೀದು ತೆಗೀಬೇಡಿ! ಅಲ್ಲಿಗೆ ನನ್ನ ಕೈ ಎಟುಕಲ್ಲ!"

"ಕೈ ಎಟುಕಲ್ಲ ಅಂದ್ರೆ?" ನಿರ್ದೇಶಕರಿಗೆ ಕುತೂಹಲ ತಡೆಯಲಾಗಲಿಲ್ಲ.

"ಬೀದಿ ನಾಯಿಗಳೆಲ್ಲ ಕಾಲೆತ್ತೋದು ಇದೇ ಮರಕ್ಕೆ ಸ್ವಾಮೀ. ನಮ್ಮ ಅಳಿಯಂದ್ರು ತೊಗಟೆ ಕೆರೆಯೋಕೆ ಕೈ ಇಡೋ ಜಾಗ ಅಲ್ವಾ, ಗಲೀಜಿರಬಾರದು ಅಂತ ದಿನಾ ಬೆಳಗ್ಗೆ ಕ್ರಿಮಿನಾಶಕ ಹಾಕಿ ತಿಕ್ಕಿ ತೊಳೀತೀನಿ. ಆಸ್ಪತ್ರೇಲಿ ನೆಲಕ್ಕೆ ಹಾಕ್ತಾರಲ್ಲ, ಅದು. ಇವರಿಗೆ ಫಿನೈಲ್ ನಾತ ಆಗಲ್ಲ ನೋಡಿ, ಅದಕ್ಕೇ ವಾಸನೆ ಇಲ್ಲದ್ದೇ ಹುಡುಕಿ ತರಿಸಿದೀನಿ. ಒಂದು ಹುಳ ಉಳಿಯಲ್ಲ!"

ಹೆಡ್‌ಮಾಸ್ಟರು ಥೂ ಥೂ ಎಂದು ಉಗಿಯುತ್ತ ನಲ್ಲಿಯತ್ತ ಓಡಿದರು. ಮೇಡಂ ತಮಗೂ ಮೇಲಿರುವವನಿಗೂ ಯಾವ ಪರಿಚಯವೂ ಇಲ್ಲವೆಂಬಂತೆ ದರ್ಜಿಯ ಅಂಗಡಿಯ ಬಟ್ಟೆ ನೋಡತೊಡಗಿದರು. ಮರದ ಮೇಲಿದ್ದವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿಯೋ ಬಹಳ ಕೆಳಗಿತ್ತು.

ನಿರ್ದೇಶಕರು ಕ್ಷೌರಿಕನ ಚೀಲದಿಂದ ತೊಗಟೆಯ ಚೂರೊಂದನ್ನು ತೆಗೆದು, ಸವರಿ ಬೆರಳು ನೋಡಿಕೊಂಡರು. ಧೂಳಿನ ಕಣವೂ ಇಲ್ಲ. ಅವರ ಮುಖ ಅರಳಿತು.

"ಅಮ್ಮಾ, ನಮ್ಮ ಪ್ರಯೋಗಾಲಯ ತೊಳೆಯೋಕೆ ಇಷ್ಟು ಶ್ರದ್ಧೆ ಇರೋರು ಯಾರೂ ಸಿಗ್ತಿಲ್ಲ. ಮೇಲ್ವಿಚಾರಕಿಯಾಗಿ ಬಂದ್ಬಿಡಿ. ಮೊದಲ ದಿನದಿಂದಲೇ ಖಾಯಂ."

ಅತ್ತೆ ಬಕೆಟ್ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಮರದತ್ತ ಕತ್ತೆತ್ತಿ ವಿನಯದಿಂದ ಕೇಳಿದರು:

"ಅಳಿಯಂದ್ರೇ, ಹೂಂ ಅನ್ಲಾ?"