ಹಿಮಭಾಂಡ ಸಂಗ್ರಾಮ

ನಳದ ನೀರೇ ಕುದಿಯುತ್ತಿದ್ದ, ಫ್ಯಾನುಗಳು ಬರೀ ಬಿಸಿಗಾಳಿ ಬಡಿಸುತ್ತಿದ್ದ ಆ ದಾರುಣ ವೈಶಾಖದಲ್ಲಿ, ಧಾರವಾಡವೆಂಬ ನಗರದ ಜೀವರಸಾಯನ ಪ್ರಯೋಗಶಾಲೆಯಲ್ಲಿ, ಶ್ವೇತಕಂಚುಕಧಾರಿಣಿಯೂ ಪಿಪೆಟ್‌ಪ್ರಯೋಗಪ್ರವೀಣೆಯೂ ಆದ ಇಂದುಮತಿ ಕೊಣ್ಣೂರ ಎಂಬ ಸಂಶೋಧಕಿ ವಿರಾಜಿಸುತ್ತಿದ್ದಳು. ವಾಗ್ದೇವಿಯೇ, ಆಕೆಯ ಸಾಹಸ ಹೇಳುವಾಗ ನನ್ನ ನಾಲಗೆ ತೊದಲದಿರಲಿ!

ಆರು ತಿಂಗಳು ಯೀಸ್ಟ್ ಕೋಶಗಳನ್ನು ಅರೆದು, ಸೋಸಿ, ಆಕೆ ಒಂದು ಕಿಣ್ವವನ್ನು ಬೇರ್ಪಡಿಸಿದ್ದಳು. ಕೋಶದೊಳಗಿನ ಫಾಸ್ಫೇಟ್ ಸರಪಳಿಯ ತುದಿ ಹಿಡಿದು ಒಂದೊಂದೇ ಕೊಂಡಿ ಕತ್ತರಿಸುವ ಆ ಶೃಂಖಲಾಖಂಡನಪ್ರಚಂಡನಿಗೆ ಸೆಕೆಯೊಂದೇ ವೈರಿ. ಐಸಿನಿಂದ ಹೊರಗಿಟ್ಟರೆ ಅರ್ಧ ಗಂಟೆಯಲ್ಲಿ ಗತಪ್ರಾಣ. ಐಸ್ ಯಂತ್ರವೋ ಕೆಟ್ಟು ಮೂರು ದಿನವಾಗಿತ್ತು. ಇಡೀ ವಿಭಾಗಕ್ಕೆ ಉಳಿದದ್ದು ಒಂದೇ ಬಕೆಟ್ ಐಸ್.

ಆ ಹಿಮಭಾಂಡವನ್ನು ಪಕ್ಕದ ಟೇಬಲಿನ ಕಿರಿಯ ಸಂಶೋಧಕ ಅಡಿವೆಪ್ಪ, ಶರಬತ್ತಿನ ಬಾಟಲಿ ತಣ್ಣಗಿಡಲೆಂದು ಎತ್ತಿಕೊಂಡು ಹೊರಟಿದ್ದ! ಇಂದುಮತಿ ಬಾಗಿಲಿಗೆ ಅಡ್ಡ ನಿಂತಳು.

“ಏ ಅಡಿವೆಪ್ಪಾ! ಹಬ್ಬ ಬಿಟ್ಟೀನಿ, ತಂಗಿ ಲಗ್ನ ಬಿಟ್ಟೀನಿ, ನಿದ್ದಿ ಬಿಟ್ಟೀನಿ. ಈ ಬಕೆಟ್ ಬಿಡಂಗಿಲ್ಲ! ನನ್ನ ಕೆಡವಿ ಹೋಗು, ನೋಡೋಣ!”

“ಹಿಂದ ಸರೀರಿ ಅಕ್ಕಾರ! ಸಂಜಿಗೆ ಬರೋ ಪರೀಕ್ಷಕರಿಗೆ ಬಿಸಿ ಶರಬತ್ ಕೊಟ್ರ ನನ್ನ ಪಿಎಚ್‌ಡಿ ಇವತ್ತ ಆವಿ ಆಗತೈತಿ. ಜೀವಾ ಕೊಟ್ಟೇನು, ಐಸ್ ಕೊಡಂಗಿಲ್ಲ!”

ಹಿಡಿಕೆಗೆ ನಾಲ್ಕು ಕೈ ಬಿದ್ದವು. ದಿಗ್ಗಜಗಳು ಬೆಚ್ಚಿದವು, ಬೀಕರುಗಳು ಗಡಗಡ ನಡುಗಿದವು, ಐಸಿನ ತುಂಡುಗಳು ಉಲ್ಕೆಗಳಂತೆ ಹಾರಿದವು. ಅದರಲ್ಲೊಂದು ಅಡಿವೆಪ್ಪನ ಅಂಗಿಯ ಕೊರಳೊಳಗೆ ಇಳಿದದ್ದೇ ತಡ, “ಯವ್ವಾ!” ಎಂದು ಆ ವೀರ ತಾಂಡವವಾಡಿದ. ಬಕೆಟ್ ಇಂದುಮತಿಯ ವಶವಾಯಿತು.

ಕೂಡಲೇ ಆಕೆ ಕಿಣ್ವಕ್ಕೆ ಸರಪಳಿ ಉಣಿಸಿ, ಕಡಿದುಬಿದ್ದ ಫಾಸ್ಫೇಟನ್ನು ಬಣ್ಣದಲ್ಲಿ ತೋರುವ ದ್ರಾವಣ ಬೆರೆಸಿದಳು. ಅಹಾ, ನೀಲಿ! ಮಹೇಂದ್ರನೀಲಮಣಿಯನ್ನೂ ನಾಚಿಸುವ ಕಡುನೀಲಿ! ಇಂದುಮತಿ ಕುಣಿದಳು. ಸೋತ ಅಡಿವೆಪ್ಪನೂ ಸೀಟಿ ಹೊಡೆದ.

ಗದ್ದಲ ಕೇಳಿ ಪ್ರೊಫೆಸರ್ ಹಿರೇಗೌಡರು ಬಂದು ಕೊಳವೆಗಳ ಮೇಲೆ ಕಣ್ಣಾಡಿಸಿದರು.

“ಹೋಲಿಸಾಕಂತ ಕಿಣ್ವ ಹಾಕಲಾರದ ಇಟ್ಟ ಕೊಳವಿನೂ ನೀಲಿ ಆಗೇತಲ್ಲವಾ?”

ಆಕೆ ಆ ಕೊಳವೆಯನ್ನು ಕೈಗೆತ್ತಿಕೊಂಡು ತಿರುತಿರುಗಿಸಿ ನೋಡಿದಳು.

“ಯಾತರಿಂದ ತೊಳದಿ?”

“ಸೋಪಿನ ಪುಡೀಲೆರೀ ಸರ್... ಫಳಫಳ ಹೊಳೀಲಿ ಅಂತ.”

“ಆ ಪುಡಿಯೊಳಗೂ ಫಾಸ್ಫೇಟ್ ಐತಿ, ತಾಯಿ.”

ಇಂದುಮತಿಗೆ ಅಳು ಬಂತು. ಬಾಯಿಯಿಂದ ಹೊರಬಿದ್ದದ್ದು ನಗು. ಅಡಿವೆಪ್ಪನಂತೂ ಹೊಟ್ಟೆ ಹಿಡಿದು ನೆಲಕ್ಕೆ ಕೂತುಬಿಟ್ಟ. ಆಮೇಲೆ ಲೋಕೈಕವೀರರಿಬ್ಬರೂ ತೋಳು ಮಡಚಿ, ಸಿಂಕಿನ ಮುಂದೆ ನಿಂತು, ನಲವತ್ತೆರಡು ಕೊಳವೆಗಳನ್ನು ಬರೀ ನೀರಿನಲ್ಲಿ ಜಾಲಿಸತೊಡಗಿದರು.

“ಅಕ್ಕಾರ,” ಎಂದ ಅಡಿವೆಪ್ಪ ಒಂದನ್ನು ಬೆಳಕಿಗೆ ಹಿಡಿದು, “ತಳದಾಗ ಇನ್ನೂ ಬುರುಗು ಐತ್ರಿ.”